ಅಂಕಣದ ಮನೆಯೂ ಮುಂದಣ ಕಾಲದ ಕಟ್ಟಡವೂ

ಹಳೆಯ ವಿದ್ಯಾರ್ಥಿನಿಯರು ಬಹು ವರ್ಷಗಳ ತರುವಾಯ ನಮ್ಮ ಶಾಲೆಯ ಅಂಗಳಕ್ಕೆ ಕಾಲಿಟ್ಟಾಗ ಮೊಟ್ಟಮೊದಲು ಕೇಳುವ ಪ್ರಶ್ನೆಯೊಂದುಂಟು: “ನಾವು ಕೂಡುತ್ತಿದ್ದ ಕೋಣೆ ಯಾವುದು?” ಇದಕ್ಕೆ ಉತ್ತರ ಕೊಡುವುದು ನಮಗೆ ಯಾವಾಗಲೂ ತೊಡಕಿನ ಕೆಲಸವೇ ಸರಿ. ಎಂಟನೆಯ ತರಗತಿ ನಡೆಯುತ್ತಿದ್ದ ಕೋಣೆಯಲ್ಲಿ ಈಗ ಹೊಲಿಗೆಯ ಯಂತ್ರಗಳಿವೆ. ಪಡಸಾಲೆಯ ಒಂದು ಪಾಲಿಗೆ ಹಲಗೆಯ ತಡಿಕೆ ಕಟ್ಟಿ ಪುಸ್ತಕ ಭಂಡಾರವನ್ನಾಗಿ ಮಾಡಿದ್ದೇವೆ. ಎರಡು ಸಣ್ಣ ಕೋಣೆಗಳ ನಡುವಣ ಗೋಡೆ ಹೋಗಿ ಒಂದು ಸಭಾಗೃಹವಾಗಿದೆ. ಕಂಬಗಳು ಅವೇ, ಮೇಲಿನ ಹೊದಿಕೆ ಅದೇ. ಒಳಗಿನ ಬಾಳು ಮಾತ್ರ ಬೇರೆ. ಶಾಲೆಯ ಸಂಗತಿ ಹೀಗಿರಲು, ಹುಟ್ಟು, ಮದುವೆ, ಮುಪ್ಪು, ಪಾಲು ಎಂಬ ನಾಲ್ಕು ಮಾರ್ಪಾಡುಗಳನ್ನು ತಪ್ಪದೆ ಕಾಣುವ ಮನೆಯ ಸಂಗತಿಯನ್ನು ಹೇಳಬೇಕಾದುದಿಲ್ಲ.

ಕಟ್ಟಡವೆಂಬುದು ಒಂದು ಸಲ ಕಟ್ಟಿ ಮುಗಿಸಿಬಿಡುವ ವಸ್ತುವಲ್ಲ, ಬಾಳುವವರ ಸಂಗಡ ಬದಲಾಗುತ್ತ ಹೋಗತಕ್ಕ ವಸ್ತು, ಎಂಬ ವಿಚಾರವು ಈಗ ಲೋಕದ ಶಿಲ್ಪಜ್ಞರಲ್ಲೆಲ್ಲ ಬಲಗೊಳ್ಳುತ್ತಲಿದೆ. ಒಂದೇ ಅಳತೆಯ ಬಿಡಿಭಾಗಗಳನ್ನು ಕೂಡಿಸಿ ಕಟ್ಟುವ ಪದ್ಧತಿಗೆ ಅವರು ಮಾಡ್ಯುಲರ್ ಎಂದೂ, ಬೇಕಾದಂತೆ ಬದಲಿಸಬಲ್ಲ ಕಟ್ಟಡಕ್ಕೆ ಫ್ಲೆಕ್ಸಿಬಲ್ ಎಂದೂ ಹೆಸರಿಟ್ಟಿದ್ದಾರೆ. ಹೆಸರುಗಳು ಹೊಸವು. ಆದರೆ ವಸ್ತುವು ನಮ್ಮ ಭೀಮಾತೀರದ ಹಳ್ಳಿಗಳಿಗೆ ಹೊಸದಲ್ಲ. ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ; ಘತ್ತರಗಿಯ ಒಬ್ಬ ಅಜ್ಜಿಯಿಂದ ಕಲಿತೆವು.

ಒಂಬತ್ತು ಅಂಕಣದ ಮನೆ

ಅಫಜಲಪುರ ತಾಲ್ಲೂಕಿನ ಘತ್ತರಗಿಯು ಭೀಮಾನದಿಯ ದಂಡೆಯ ಮೇಲಿನ ಗ್ರಾಮ. ಅಲ್ಲಿಯ ಭಾಗ್ಯವಂತಿ ದೇವಿಯ ಗುಡಿಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಜನರು ಬರುವುದರಿಂದ ಈ ಹೆಸರು ಬಹು ಮಂದಿಗೆ ಪರಿಚಿತವಾಗಿದೆ. ಕ್ಷೇತ್ರಗಣಿತದ ಪಾಠವನ್ನು ಕಣ್ಣಾರೆ ಕಲಿಯಲೆಂದು ನಮ್ಮ ಹುಡುಗಿಯರನ್ನು ಹಗ್ಗ, ಅಳತೆಪಟ್ಟಿಗಳ ಸಮೇತ ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಒಂದು ಹಳೆಯ ಮಾಳಿಗೆಯ ಮನೆಯ ಮುಂದೆ ಕುಳಿತು ತೊಗರಿ ಹಸನು ಮಾಡುತ್ತಿದ್ದ ವೃದ್ಧೆಯನ್ನು ಒಬ್ಬ ಹುಡುಗಿ ಕೇಳಿದಳು: “ಆಯಿ, ನಿಮ್ಮ ಮನಿ ಎಷ್ಟು ಫೂಟ್ ಅದ?”

“ಫೂಟು ಗೀಟು ನನಗೇನು ಗೊತ್ತವ್ವಾ? ಒಂಬತ್ತು ಅಂಕಣದ ಮನಿ ಅದ. ನಾ ಮದಿವ್ಯಾಗಿ ಬಂದಾಗ ಆರೇ ಅಂಕಣ ಇತ್ತು,” ಎಂದು ಆಕೆ ಉತ್ತರ ಕೊಟ್ಟಳು.

ಆ ಒಂದು ಮಾತಿನಲ್ಲಿ ಪಾಠವೆಲ್ಲವೂ ಅಡಗಿತ್ತು. ಅಂಕಣವೆಂದರೆ, ಕಂಬದಿಂದ ಕಂಬಕ್ಕೆ ತೊಲೆಯನ್ನು ಹಾಯಿಸಿ, ತೊಲೆಯಿಂದ ತೊಲೆಗೆ ಜಂತಿಗಳನ್ನು ಹೊಂದಿಸಿದಾಗ ನಾಲ್ಕು ಕಂಬಗಳ ನಡುವೆ ಏರ್ಪಡುವ ಒಂದು ತೆರಪು. ಇದನ್ನೇ ಕೆಲವರು ಖಣವೆನ್ನುವರು. ಜಂತಿಯು ಎಷ್ಟು ಉದ್ದ ಸಿಕ್ಕೀತೋ, ಭಾರಕ್ಕೆ ಬಾಗದೆ ಎಷ್ಟು ದೂರ ಹಾಯ್ದೀತೋ ಅಷ್ಟೇ ಅಂಕಣದ ಅಗಲ. ಆ ಮನೆಯಲ್ಲಿ ಅದು ನಮ್ಮ ಹಗ್ಗಕ್ಕೆ ಸುಮಾರು ಎಂಟು ಅಡಿ ಬಂತು. ಹೀಗೆ ಮರದ ಶಕ್ತಿಯೇ ಮನೆಯ ಅಳತೆಗೋಲಾಯಿತು. ಒಂದು ಅಂಕಣಕ್ಕೆ ಮತ್ತೊಂದು ಅಂಕಣವನ್ನು ಕೂಡಿಸುವಾಗ ಹೊಸ ಕಂಬಗಳು ಬೇಕಾಗುವುದು ಹೊರಮಗ್ಗುಲಿಗೆ ಮಾತ್ರ; ಒಳಮಗ್ಗುಲಿನ ಕಂಬಗಳು ಎರಡಕ್ಕೂ ಸಾಲುತ್ತವೆ. ಆದಕಾರಣ ಮನೆಯನ್ನು ಕೆಡವದೆ, ಮನೆಯವರನ್ನು ಹೊರಗೆ ಹಾಕದೆ, ಕೈಯಲ್ಲಿ ಹಣವಾದಷ್ಟು ಬೆಳೆಸಬಹುದು.

ಅಜ್ಜಿಯ ಎರಡನೆಯ ಮಗನ ಮದುವೆಯ ಕಾಲದಲ್ಲಿ ಹಿಂದಣ ಮೂರು ಅಂಕಣಗಳು ಹುಟ್ಟಿದುವಂತೆ. ಅಣ್ಣತಮ್ಮಂದಿರು ಬೇರೆಯಾದಾಗ ಕಂಬಗಳ ನಡುವೆ ಒಂದು ಮಣ್ಣಿನ ಗೋಡೆ ಎದ್ದಿತು. ಮುಂದೆ ಮನಸ್ತಾಪ ಹರಿದ ಮೇಲೆ ಆ ಗೋಡೆಯಲ್ಲಿ ಒಂದು ಬಾಗಿಲು ಬಂತು. ಎತ್ತುಗಳನ್ನು ಮಾರಿದ ಮೇಲೆ ತಲೆಬಾಗಿಲಿನ ಬಲಗಡೆಯ ದನದ ಅಂಕಣವು ಬರಿದಾಯಿತು. ಗ್ವಾದಲಿಯನ್ನು ತೆಗೆದು, ನೆಲಕ್ಕೆ ಶಹಾಬಾದಿನ ಫರಸಿ ಹಾಸಿ, ಹೊರಗೋಡೆಯಲ್ಲಿ ಒಂದು ಕಿಟಕಿ ತೆರೆದರು. ಈಗ ಅಲ್ಲಿ ಆಕೆಯ ಮೊಮ್ಮಗಳು ಓದುತ್ತಾಳೆ. ದನ ಕಟ್ಟುತ್ತಿದ್ದ ಗೂಟದ ಜಾಗದಲ್ಲಿ ಪುಸ್ತಕದ ಹಲಗೆಯುಂಟು. ಮನೆಯ ಕಂಬ ಒಂದೂ ಕದಲಲಿಲ್ಲ.

ಹೊರುವುದು ಬೇರೆ, ಮರೆಮಾಡುವುದು ಬೇರೆ

ಇದು ಸಾಧ್ಯವಾದುದಕ್ಕೆ ಕಾರಣವೇನೆಂದು ಹುಡುಗಿಯರನ್ನು ಕೇಳಿದೆವು. ಅವರು ತುಸು ಹೊತ್ತು ತೊಲೆಗಳನ್ನು ನೋಡಿ, “ಭಾರ ಹೊರುವವು ಕಂಬಗಳು, ಒಳಗಿನ ಗೋಡೆಗಳು ಬರಿಯ ಮರೆಗಾಗಿ ಇವೆ” ಎಂದರು. ಸರಿಯಾದ ಉತ್ತರವಿದು. ಹೊರುವ ಭಾಗವನ್ನೂ ಮರೆಮಾಡುವ ಭಾಗವನ್ನೂ ಬೇರ್ಪಡಿಸಿದಲ್ಲಿ ಮೊದಲನೆಯದು ತಲೆಮಾರುಗಳ ತನಕ ನಿಲ್ಲಬಹುದು, ಎರಡನೆಯದನ್ನು ಹತ್ತು ವರ್ಷಕ್ಕೊಮ್ಮೆ ಬದಲಿಸಬಹುದು.

ಇದೇ ತತ್ತ್ವವನ್ನು ಮುಂದೆ ಚಂಡೀಗಢದ ನಗರರಚನೆ ಮಾಡಿದ ಲ ಕಾರ್ಬ್ಯೂಸಿಯೆ ಎಂಬ ಶಿಲ್ಪಜ್ಞನು ಇಸವಿ ೧೯೧೪ರಲ್ಲಿ ಒಂದು ಚಿತ್ರದಿಂದ ತೋರಿಸಿದನು. ಕೆಲವೇ ಕಂಬಗಳು, ಅವುಗಳ ಮೇಲೆ ಕಾಂಕ್ರೀಟಿನ ಹಾಸುಗಳು, ಒಂದು ಏಣಿಮೆಟ್ಟಿಲು: ಆ ಚಿತ್ರದಲ್ಲಿ ಗೋಡೆಯೇ ಇಲ್ಲ. ಗೋಡೆಗಳನ್ನು ವಾಸಿಸುವವನು ತನಗೆ ಬೇಕಾದಂತೆ ಇಟ್ಟುಕೊಳ್ಳಲೆಂಬುದು ಅದರ ಭಾವ. ಇಸವಿ ೧೯೬೧ರಲ್ಲಿ ಹಾಲೆಂಡಿನ ಹಾಬ್ರಾಕನ್ ಎಂಬವರು ಇದನ್ನು ಇನ್ನೂ ಮುಂದಕ್ಕೆ ಒಯ್ದು, ದೊಡ್ಡ ವಸತಿಗೃಹಗಳಲ್ಲಿ ಆಧಾರದ ಚೌಕಟ್ಟನ್ನು ಮಾತ್ರ ಸಾರ್ವಜನಿಕರು ಕಟ್ಟಬೇಕು, ಒಳಗಿನ ವಿಭಾಗವನ್ನು ಆಯಾ ಕುಟುಂಬದವರ ಕೈಗೆ ಬಿಡಬೇಕು ಎಂದು ಗ್ರಂಥ ಬರೆದು ವಾದಿಸಿದರು. ನಮ್ಮ ಬಡಿಗರೂ ಗೌಂಡಿಗಳೂ ಗ್ರಂಥ ಬರೆಯಲಿಲ್ಲ. ಆದರೆ ಅವರ ಕೈಗಳಿಗೆ ಈ ಭೇದವು ತಿಳಿದಿತ್ತು.

ಒಂದೇ ಅಳತೆಯ ಬಲ

ಅಂಕಣದ ಮೊದಲನೆಯ ಗುಣವು ಸಮಾನವಾದ ಅಳತೆ. ಈ ಗುಣವನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ನಮ್ಮ ಜಿಲ್ಲೆಯ ಗಡಿ ದಾಟಬೇಕಾದುದಿಲ್ಲ. ಕಲಬುರಗಿಯ ಕೋಟೆಯೊಳಗಿನ ಜಾಮಿ ಮಸೀದಿಯು ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ ಶಹನ ಆಳಿಕೆಯಲ್ಲಿ ಇಸವಿ ೧೩೬೭ರಲ್ಲಿ ಪೂರ್ಣವಾಯಿತು. ಕಟ್ಟಿದವನು ಪಾರಸೀಕ ದೇಶದ ಕಜ್ವೀನ್ ಪಟ್ಟಣದ ರಫೀ ಎಂಬವನು. ಸುಮಾರು ೨೧೬ ಅಡಿ ಉದ್ದ, ೧೭೬ ಅಡಿ ಅಗಲದ ಈ ಕಟ್ಟಡದಲ್ಲಿ ಸಾಮಾನ್ಯವಾಗಿ ಮಸೀದಿಗಳಿಗಿರುವ ಬಯಲು ಅಂಗಳವಿಲ್ಲ; ಇಡಿಯ ಸ್ಥಳಕ್ಕೆ ಮೇಲ್ಛಾವಣಿಯುಂಟು. ಅಷ್ಟು ವಿಸ್ತಾರವನ್ನು ಒಂದೇ ಛಾವಣಿಯಿಂದ ಮುಚ್ಚುವುದು ಆ ಕಾಲದಲ್ಲಿ ಹೇಗೆ ಸಾಧ್ಯ? ಅವನು ಅದನ್ನು ಸಣ್ಣ ಚೌಕಗಳಾಗಿ ಒಡೆದು, ಚೌಕಕ್ಕೊಂದರಂತೆ ೬೩ ಚಿಕ್ಕ ಗುಮ್ಮಟಗಳನ್ನೂ, ನಾಲ್ಕು ಮೂಲೆಗಳಿಗೆ ನಾಲ್ಕನ್ನೂ, ಪಶ್ಚಿಮದಲ್ಲಿ ಒಂದು ಹಿರಿಯ ಗುಮ್ಮಟವನ್ನೂ ಎತ್ತಿದನು. ಒಂದು ಚಿಕ್ಕ ಗುಮ್ಮಟ ಕಟ್ಟಬಲ್ಲವರು ಅದನ್ನೇ ಮತ್ತೆ ಮತ್ತೆ ಕಟ್ಟಬಲ್ಲರು. ಕಷ್ಟವಾದುದನ್ನು ಸುಲಭವಾದ ತುಂಡುಗಳಾಗಿ ವಿಭಾಗಿಸಿ, ಆ ತುಂಡನ್ನು ಚೆನ್ನಾಗಿ ಕಲಿತು ಪುನಃ ಪುನಃ ಮಾಡುವುದು, ಇದೇ ಸಮಾನ ಅಳತೆಯ ರಹಸ್ಯ.

ಆದರೆ ಮಸೀದಿಯ ಗುಮ್ಮಟಗಳನ್ನು ಕಳಚಿ ಬೇರೆಡೆಗೆ ಒಯ್ಯಲಾಗದು. ಅಂಕಣದ ಎರಡನೆಯ ಗುಣವಾದ ಜೋಡಣೆಯನ್ನು, ಎಂದರೆ ಭಾಗಗಳನ್ನು ಒಂದೆಡೆ ಸಿದ್ಧಪಡಿಸಿ ಇನ್ನೊಂದೆಡೆ ಕೂಡಿಸುವುದನ್ನು, ಕಬ್ಬಿಣದ ಯುಗವು ಮೇಲಕ್ಕೆ ತಂದಿತು. ಇಸವಿ ೧೮೫೧ರಲ್ಲಿ ಲಂಡನ್ ನಗರದ ಮಹಾಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರಿಕೆಯ ನಿಪುಣನು ಕಬ್ಬಿಣ, ಗಾಜುಗಳಿಂದ ಸ್ಫಟಿಕ ಭವನವನ್ನು ಕಟ್ಟಿಸಿದನು. ಅದರ ಕಂಬಗಳ ಅಂತರವೆಲ್ಲ ೨೪ ಅಡಿಯ ಲೆಕ್ಕಕ್ಕೆ ಹೊಂದಿತ್ತು. ಪ್ರದರ್ಶನ ಮುಗಿದ ಮೇಲೆ ಅದನ್ನು ಕಳಚಿ ಸಿಡನ್‌ಹ್ಯಾಮ್ ಎಂಬಲ್ಲಿಗೆ ಒಯ್ದು ಇನ್ನೂ ದೊಡ್ಡದಾಗಿ ಕಟ್ಟಿದರು. ಅಲ್ಲಿ ಅದು ೧೯೩೬ರಲ್ಲಿ ಬೆಂಕಿಗೆ ತುತ್ತಾಗುವ ತನಕ ನಿಂತಿತ್ತು.

ಅದರ ಮಾದರಿಯದೇ ನಮ್ಮ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆ. ಅದಕ್ಕೆ ಶಂಕುಸ್ಥಾಪನೆಯಾದದ್ದು ೧೮೮೯ನೆಯ ಇಸವಿ ನವೆಂಬರ್ ೩೦ರಂದು. ಎರಕದ ಕಬ್ಬಿಣದ ಭಾಗಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದ ಕಾರ್ಖಾನೆಯಿಂದ ಬಂದು ಇಲ್ಲಿ ಕೂಡಿಕೊಂಡವು. ಫಲಪುಷ್ಪ ಪ್ರದರ್ಶನಕ್ಕೆ ಸ್ಥಳ ಸಾಲದಾದಾಗ ೧೯೩೫ರಲ್ಲಿ ಪೂರ್ವದಿಕ್ಕಿಗೆ ಅದನ್ನು ಬೆಳೆಸಿದರು. ಆಗ ಬೇಕಾದ ಲೋಹವನ್ನು ನಮ್ಮ ಭದ್ರಾವತಿಯ ಕಾರ್ಖಾನೆಯೇ ಒದಗಿಸಿತು. ಹಳೆಯ ಮನೆಗೆ ಹೊಸ ಅಂಕಣಗಳು ಕೂಡಿದ ಹಾಗೆಯೇ ಇದು. ಗ್ಲಾಸ್ಗೋದ ಕಂಬದ ಪಕ್ಕದಲ್ಲಿ ಭದ್ರಾವತಿಯ ಕಂಬವು ನಿಂತರೆ ನೋಡುವವನಿಗೆ ಭೇದ ತೋರುವುದಿಲ್ಲ. ಅಳತೆಯು ಒಂದೇ ಆಗಿದ್ದಲ್ಲಿ ಮಾಡಿದ ಕೈಯು ಯಾವುದಾದರೂ ಆಗಬಹುದು.

ಈ ಜೋಡಣೆಯ ಪದ್ಧತಿಯು ಈಗ ಎಷ್ಟು ದೂರ ಸಾಗಿದೆಯೆಂದರೆ, ೨೦೨೦ನೆಯ ಇಸವಿಯ ಆರಂಭದಲ್ಲಿ ಮಹಾಮಾರಿ ಹಬ್ಬಿದಾಗ ಚೀನಾ ದೇಶದ ವುಹಾನ್ ನಗರದಲ್ಲಿ ಕಾರ್ಖಾನೆಯಿಂದ ಸಿದ್ಧವಾಗಿ ಬಂದ ಕೋಣೆಗಳನ್ನು ಕೂಡಿಸಿ ಸಾವಿರ ಹಾಸಿಗೆಗಳ ಆಸ್ಪತ್ರೆಯೊಂದನ್ನು ಸುಮಾರು ಹತ್ತು ದಿನಗಳಲ್ಲಿ ನಿಲ್ಲಿಸಿದರು. ನಮ್ಮ ದೇಶದ ದೊಡ್ಡ ಪಟ್ಟಣಗಳಲ್ಲಿಯೂ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟಿನ ಗೋಡೆ, ತೊಲೆಗಳನ್ನು ತಂದು ಯಂತ್ರದಿಂದ ಎತ್ತಿ ಕೂಡಿಸುವುದು ನಡೆದಿದೆ. ಇದರಿಂದ ಕಾಲದ ಉಳಿತಾಯವಾಗುತ್ತದೆ, ಸಾಮಗ್ರಿಯ ಹಾಳಾಗುವಿಕೆ ಕಡಿಮೆಯಾಗುತ್ತದೆ, ಮಳೆಗಾಲಕ್ಕೆ ಕೆಲಸ ನಿಲ್ಲುವುದೂ ತಪ್ಪುತ್ತದೆ.

ಎರಡು ಎಚ್ಚರಿಕೆಗಳು

ಇಷ್ಟನ್ನು ಓದಿದವರಿಗೆ, ಬಿಡಿಭಾಗಗಳಿಂದ ಕಟ್ಟಿದ ಮಾತ್ರಕ್ಕೆ ಎಲ್ಲವೂ ಸಿದ್ಧಿಸಿತೆಂದು ತೋರಬಹುದು. ಹಾಗಲ್ಲವೆಂಬುದಕ್ಕೆ ಹೊರದೇಶದ್ದೊಂದು, ನಮ್ಮ ನೆರೆಯದೊಂದು, ಹೀಗೆ ಎರಡು ದೃಷ್ಟಾಂತಗಳನ್ನು ಕೊಡುತ್ತೇವೆ.

ಜಪಾನಿನ ಟೋಕಿಯೋ ನಗರದಲ್ಲಿ ಕುರೋಕಾವಾ ಎಂಬ ಹೆಸರಾಂತ ಶಿಲ್ಪಜ್ಞನು ೧೯೭೨ರಲ್ಲಿ ನಕಾಗಿನ್ ಗೋಪುರವೆಂಬ ಕಟ್ಟಡವನ್ನು ಪೂರೈಸಿದನು. ಎರಡು ಕಾಂಕ್ರೀಟಿನ ಸ್ತಂಭಗಳಿಗೆ ೧೪೦ ಪೆಟ್ಟಿಗೆಯಂತಹ ಕೋಣೆಗಳನ್ನು ತಗಲಿಸಿದ್ದರು. ಸುಮಾರು ೨೫ ವರ್ಷಗಳಿಗೊಮ್ಮೆ ಹಳೆಯ ಕೋಣೆಯನ್ನು ಕಳಚಿ ಹೊಸದನ್ನು ತಗಲಿಸಬೇಕೆಂಬುದು ಸಂಕಲ್ಪ. ಆದರೆ ಅಕ್ಕಪಕ್ಕದವನ್ನು ಅಲುಗಿಸದೆ ಒಂದನ್ನೇ ಬಿಚ್ಚುವುದು ಕಠಿಣವಾಯಿತು, ವೆಚ್ಚವೂ ಬಹಳವಾಯಿತು. ಐವತ್ತು ವರ್ಷಗಳಲ್ಲಿ ಒಂದು ಕೋಣೆಯನ್ನಾದರೂ ಬದಲಿಸಲಿಲ್ಲ. ಮಳೆನೀರು ಸೋರಿ, ಕೊಳವೆಗಳು ತುಕ್ಕು ಹಿಡಿದು, ೨೦೨೨ರಲ್ಲಿ ಅದನ್ನು ಕಳಚಿ ಹಾಕಿದರು. ಬದಲಿಸಬಹುದೆಂಬ ಮಾತು ನಕ್ಷೆಯಲ್ಲಿದ್ದರೆ ಸಾಲದು. ಅಲ್ಲಿ ವಾಸಿಸುವವನ ಕೈಗೂ ಹಣಕ್ಕೂ ನಿಲುಕುವಂತಿರಬೇಕೆಂಬುದು ಇದರಿಂದ ತಿಳಿಯುತ್ತದೆ. ಘತ್ತರಗಿಯ ಅಜ್ಜಿಯ ಜಂತಿಯೊಂದಕ್ಕೆ ಗೆದ್ದಲು ಹಿಡಿದರೆ ಊರ ಬಡಿಗನು ಎರಡು ಆಸರೆಗಳನ್ನು ಕೊಟ್ಟು ಅದೊಂದನ್ನೇ ಬದಲಿಸಿ ಸಂಜೆಗೆ ಮನೆಗೆ ಹೋಗುತ್ತಾನೆ.

ಎರಡನೆಯ ಎಚ್ಚರಿಕೆಯು ನಮಗೆ ಹತ್ತಿರದ್ದು, ದುಃಖದ್ದು. ೧೯೯೩ನೆಯ ಇಸವಿ ಸೆಪ್ಟೆಂಬರ್ ೩೦ರ ಬೆಳಗಿನ ಜಾವದಲ್ಲಿ, ಆಳಂದದ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತಮುತ್ತ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಜನರು ಮಲಗಿದಲ್ಲಿಯೇ ಮಡಿದರು. ನಮ್ಮ ಪಾಲಕರಲ್ಲಿ ಅನೇಕರು ಆ ನಡುಕವನ್ನು ಇಂದಿಗೂ ಮರೆತಿಲ್ಲ. ಅಲ್ಲಿಯ ಮನೆಗಳೂ ನಮ್ಮವುಗಳಂತೆಯೇ ಕಲ್ಲಿನ ದಪ್ಪ ಗೋಡೆಯವು, ಮಣ್ಣಿನ ಮಾಳಿಗೆಯವು. ಗೋಡೆಯ ಒಳಮೈಗೂ ಹೊರಮೈಗೂ ತಾಗುವ ಉದ್ದನೆಯ ಕಲ್ಲುಗಳನ್ನು ನಡುನಡುವೆ ಇಡದೆ ಹೋದುದರಿಂದ ಎರಡು ಮೈಗಳೂ ಸೀಳಿ ಬಿದ್ದವು. ಸೋರದಿರಲೆಂದು ಮಳೆಗಾಲಕ್ಕೊಮ್ಮೆ ಮಾಳಿಗೆಯ ಮೇಲೆ ಹಾಕುತ್ತ ಬಂದ ಮಣ್ಣು ಒಂದಡಿ, ಎರಡಡಿಯಾಗಿ ಅದರ ಭಾರವೇ ಮೃತ್ಯುವಾಯಿತು. ಒಳಗೆ ಕಂಬ ತೊಲೆಗಳ ಚೌಕಟ್ಟು ಸರಿಯಾಗಿದ್ದ ಎಷ್ಟೋ ಮನೆಗಳಲ್ಲಿ ಗೋಡೆ ಉರುಳಿದರೂ ಮಾಳಿಗೆಯು ಕಂಬಗಳ ಮೇಲೆ ನಿಂತಿತು ಎಂಬುದೂ ನಿಜವೇ. ಆದರೂ ಹಳೆಯದೆಲ್ಲ ಒಳ್ಳೆಯದೆಂದು ಹೇಳುವ ಧೈರ್ಯ ನಮಗಿಲ್ಲ. ಅಂಕಣದ ತತ್ತ್ವವು ಒಳ್ಳೆಯದು. ಕಟ್ಟಿಲ್ಲದ ಗೋಡೆಯೂ ಹೊರೆಯಾದ ಮಣ್ಣೂ ಕೆಟ್ಟವು. ಈ ಎರಡನ್ನು ಒಂದೇ ಎಂದೆಣಿಸಬಾರದು.

ಆ ಭೂಕಂಪದ ತರುವಾಯ ಐವತ್ತರಷ್ಟು ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಿಕೊಟ್ಟರು. ಅಲ್ಲಿಯ ಮನೆಗಳು ೨೫೦, ೪೦೦, ೭೫೦ ಚದರ ಅಡಿಗಳೆಂಬ ಮೂರು ಅಳತೆಯವು. ಯಾರಿಗೆ ಯಾವುದೆಂಬುದು ಅವರವರ ಹೊಲದ ವಿಸ್ತಾರದ ಮೇಲೆ ಗೊತ್ತಾಯಿತು. ಹೊಲವಿಲ್ಲದ ಮನೆಯಲ್ಲಿ ಮಕ್ಕಳು ಕಡಿಮೆಯೆಂದು ಯಾರು ಹೇಳಬಲ್ಲರು? ಸಮಾನ ಅಳತೆಯು ಬೆಳೆಯಲು ಅನುಕೂಲವಾದರೆ ಗುಣ. ಜನರನ್ನು ಅದರೊಳಗೆ ತುರುಕುವುದಾದರೆ ದೋಷ.

ಬೆಳೆಯಲು ಬಿಟ್ಟ ಮನೆ

ಇದಕ್ಕಿಂತ ಭಿನ್ನವಾದ ದಾರಿಯೊಂದನ್ನು ನಮ್ಮ ದೇಶದವರೇ ಆದ ಬಾಲಕೃಷ್ಣ ದೋಷಿಯವರು ತೋರಿಸಿದರು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಕಲ್ಲಿನ ಕಟ್ಟಡಗಳನ್ನು ರಚಿಸಿದವರು ಇವರೇ. ೨೦೧೮ರಲ್ಲಿ ಶಿಲ್ಪಜ್ಞರಿಗೆ ಸಲ್ಲುವ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು ಪಡೆದವರು. ಮಧ್ಯಪ್ರದೇಶದ ಇಂದೋರಿನಲ್ಲಿ ಬಡವರಿಗಾಗಿ ಅವರು ರೂಪಿಸಿದ ಅರಣ್ಯ ಎಂಬ ವಸತಿಯು ೧೯೮೯ರಲ್ಲಿ ಸಿದ್ಧವಾಯಿತು. ಸುಮಾರು ೬,೫೦೦ ನಿವೇಶನಗಳ ಆ ಬಡಾವಣೆಯಲ್ಲಿ ಅತಿ ಬಡವರಿಗೆ ಪೂರ್ಣವಾದ ಮನೆಯನ್ನು ಕೊಡಲಿಲ್ಲ. ಅಡಿಪಾಯ, ನೀರು, ಶೌಚಗೃಹ, ಒಂದು ಕೋಣೆ, ಇಷ್ಟನ್ನು ಕೊಟ್ಟು ಉಳಿದುದನ್ನು ಕುಟುಂಬದವರು ಸಂಪಾದನೆಯಾದಂತೆ ಕಟ್ಟಿಕೊಳ್ಳಲು ಬಿಟ್ಟರು. ಬೆಳೆಯುವ ದಾರಿಯನ್ನು ತಿಳಿಸಲೆಂದು ಎಂಬತ್ತು ಮಾದರಿ ಮನೆಗಳನ್ನು ಕಟ್ಟಿ ತೋರಿಸಿದರು. ಒಂದು ಕೋಣೆಯು ಎರಡಾಗಿ, ಮೇಲೊಂದು ಮಹಡಿಯಾಗಿ, ಮುಂದೊಂದು ಅಂಗಡಿಯಾಗಿ ಆ ಮನೆಗಳು ಬೆಳೆದವು. ಆರರಿಂದ ಒಂಬತ್ತು ಅಂಕಣಕ್ಕೆ ಬೆಳೆದ ಮನೆಯನ್ನು ಕಂಡ ನಮಗೆ ಇದು ಪರಿಚಿತವಾದ ಕಥೆಯೇ ಅಲ್ಲವೇ?

ನೆರೆ ಬಂದಾಗ ಕಂಡ ಎರಡು ಮನೆಗಳು

ಈ ವಿಚಾರಗಳು ನಮಗೆ ಬರಿಯ ಪಾಠವಾಗಿ ಉಳಿಯದಂತೆ ಮಾಡಿದುದು ೨೦೨೦ನೆಯ ಇಸವಿ ಅಕ್ಟೋಬರ್ ತಿಂಗಳಿನ ಭೀಮೆಯ ಮಹಾಪೂರ. ಅತಿವೃಷ್ಟಿಯೂ ಮೇಲಿನ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರೂ ಕೂಡಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದೀತೀರದ ಹಳ್ಳಿಗಳಿಗೆ ಹೊಳೆಯು ನುಗ್ಗಿತು. ನಮ್ಮ ಇಬ್ಬರು ವಿದ್ಯಾರ್ಥಿನಿಯರ ಮನೆಗಳು ಅಂಥ ಒಂದು ಹಳ್ಳಿಯಲ್ಲಿದ್ದವು.

ಒಬ್ಬಳದು ಹಳೆಯ ಅಂಕಣದ ಮನೆ. ನೀರಿನಲ್ಲಿ ಮಣ್ಣಿನ ಗೋಡೆಗಳು ಕರಗಿ ಕುಸಿದವು, ಕಾಳುಕಡಿ ಹೋದವು. ಆದರೆ ನೀರಿಳಿದ ಮೇಲೆ ಅವಳ ತಂದೆ ಕಂಬ, ತೊಲೆ, ಜಂತಿ, ಬಾಗಿಲುಗಳನ್ನು ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೇರಿ, ಏರಿನಲ್ಲಿದ್ದ ಸ್ವಂತ ಹೊಲಕ್ಕೆ ಒಯ್ದರು. ಅಲ್ಲಿ ನಾಲ್ಕು ಅಂಕಣಗಳನ್ನು ಎತ್ತಿ, ಮಾಳಿಗೆಯ ಮಣ್ಣಿಗೆ ಬದಲಾಗಿ ಪತ್ರಾಸು ಹೊದಿಸಿ, ಗೋಡೆಗೆ ಇಟ್ಟಿಗೆ ಕಟ್ಟಿದರು. ಬೇಸಿಗೆ ಬರುವುದರೊಳಗೆ ಕುಟುಂಬವು ಒಂದು ಸೂರಿನ ಕೆಳಗೆ ಸೇರಿತು.

ಇನ್ನೊಬ್ಬಳದು ಸಾಲ ತೆಗೆದು ಹೊಸದಾಗಿ ಕಟ್ಟಿದ ಸ್ಲ್ಯಾಬಿನ ಮನೆ. ಅದು ನೀರಿನಲ್ಲಿಯೂ ಗಟ್ಟಿಯಾಗಿ ನಿಂತಿತು. ಇದನ್ನು ನ್ಯಾಯವಾಗಿ ಹೇಳಲೇಬೇಕು. ಆದರೆ ಹೊಳೆಯು ಬರುವ ಜಾಗದಲ್ಲಿ ಇನ್ನಿರುವುದು ಬೇಡವೆಂದು ಮನೆಯವರು ಬಯಸಿದಾಗ ಅದರಿಂದ ಬಿಚ್ಚಿ ಒಯ್ಯಬಹುದಾದುದು ಬಾಗಿಲು ಕಿಟಕಿಗಳ ಹೊರತು ಮತ್ತೇನೂ ಇರಲಿಲ್ಲ. ಮೇಲೆ ಮಹಡಿ ಕಟ್ಟಿ ಅಲ್ಲಿಯೇ ಎತ್ತರದಲ್ಲಿರೋಣವೆಂದರೆ ಮೆಟ್ಟಿಲಿಗೆ ಸ್ಥಳ ಬಿಟ್ಟಿರಲಿಲ್ಲ, ಅಡಿಪಾಯವನ್ನು ಒಂದೇ ಅಂತಸ್ತಿನ ಲೆಕ್ಕಕ್ಕೆ ಹಾಕಿದ್ದರು. ಸಾಲವು ತೀರದೆ ಉಳಿಯಿತು, ಮನೆಯೂ ಇದ್ದಲ್ಲಿಯೇ ಉಳಿಯಿತು. ಆ ಹುಡುಗಿ ಎರಡು ವರ್ಷ ನಮ್ಮ ವಸತಿಗೃಹದಲ್ಲಿದ್ದು ಓದಿದಳು. ಮಳೆ ಜೋರಾದ ರಾತ್ರಿಗಳಲ್ಲಿ ಅವಳು ನಿದ್ರೆ ಮಾಡುತ್ತಿರಲಿಲ್ಲ.

ಬಿಚ್ಚಿದ ಭಾಗವು ಇನ್ನೊಂದು ಕಟ್ಟಡದಲ್ಲಿ ಬಾಳುವುದು ಈ ನದಿಯ ತೀರಕ್ಕೆ ಹಳೆಯ ವಾಡಿಕೆಯೇ ಆಗಿದೆ. ಇದೇ ಭೀಮೆಯ ದಂಡೆಯ ಸನ್ನತಿಯಲ್ಲಿ ೧೯೮೬ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಒಂದು ದೇವಾಲಯದ ಛಾವಣಿ ಕುಸಿದಾಗ, ದೇವಿಯ ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕ ಚಕ್ರವರ್ತಿಯ ಶಾಸನವೆಂದು ಗೊತ್ತಾಯಿತು. ಯಾವ ಕಾಲದಲ್ಲಿಯೋ ಅದನ್ನು ಎತ್ತಿ ತಂದು ಪೀಠಕ್ಕೆ ಉಪಯೋಗಿಸಿದವರಿಂದಲೇ ಅದು ನಮ್ಮ ತನಕ ಉಳಿದು ಬಂತು.

ನಾವು ಕಲಿಯತಕ್ಕದ್ದು

ಹಾಗಾದರೆ ಕಾಂಕ್ರೀಟನ್ನು ಬಿಟ್ಟು ಮರಕ್ಕೆ ಹಿಂದಿರುಗಬೇಕೆಂದು ಹೇಳುತ್ತೇವೆಯೇ? ಇಲ್ಲ. ಅಷ್ಟು ಮರವೂ ಈಗ ದೊರಕದು. ಕಾಂಕ್ರೀಟಿನ ಮನೆಯೂ ಕಂಬ ತೊಲೆಗಳದೇ ಆಗಬಹುದು. ಅಂಕಣದ ಬುದ್ಧಿಯನ್ನು ಅದರೊಳಗೆ ತರಬೇಕೆಂಬುದೇ ನಮ್ಮ ಅರಿಕೆ. ಸಾಮಗ್ರಿಯನ್ನು ಬದಲಿಸುವಾಗ ನಾವು ಹಳೆಯ ಮನೆಯ ದೋಷಗಳ ಸಂಗಡ ಅದರ ಜಾಣತನವನ್ನೂ ಎಸೆದುಬಿಟ್ಟಿದ್ದೇವೆ. ಮನೆ ಕಟ್ಟಿಸುವ ಯೋಚನೆಯಲ್ಲಿರುವ ಪಾಲಕರೂ ಹಳೆಯ ವಿದ್ಯಾರ್ಥಿನಿಯರೂ ಈ ಕೆಳಗಿನ ಸಂಗತಿಗಳನ್ನು ಮನಸ್ಸಿನಲ್ಲಿಡಲೆಂದು ಬಿನ್ನವಿಸುತ್ತೇವೆ.

(೧) ಭಾರ ಹೊರುವ ಚೌಕಟ್ಟನ್ನು ಬಲ್ಲ ಎಂಜಿನಿಯರರಿಂದ ಲೆಕ್ಕ ಹಾಕಿಸಿ ಗಟ್ಟಿಯಾಗಿ ಕಟ್ಟಿಸಿರಿ. ಒಳಗಿನ ಗೋಡೆಗಳನ್ನು ಹಗುರವಾಗಿ, ಮುಂದೆ ತೆಗೆಯಬಹುದಾದಂತೆ ಕಟ್ಟಿಸಿರಿ. ಯಾವುದು ಹೊರುವ ಗೋಡೆ, ಯಾವುದು ಮರೆಯ ಗೋಡೆ ಎಂಬುದನ್ನು ನಕ್ಷೆಯಲ್ಲಿ ಬರೆಸಿ ನಕ್ಷೆಯನ್ನು ಜೋಪಾನವಾಗಿಡಿರಿ. ಹೊರುವ ಗೋಡೆಯನ್ನು ಅರಿಯದೆ ಒಡೆದವರು ಅಪಾಯಕ್ಕೆ ಸಿಕ್ಕುವರು.

(೨) ಬಾಗಿಲು, ಕಿಟಕಿ, ಕೋಣೆಗಳಿಗೆ ಒಂದೆರಡೇ ಅಳತೆಗಳನ್ನು ಗೊತ್ತು ಮಾಡಿಕೊಳ್ಳಿರಿ. ಖರ್ಚು ತಗ್ಗುತ್ತದೆ, ಒಂದೆಡೆಯ ವಸ್ತು ಇನ್ನೊಂದೆಡೆಗೆ ಹೊಂದುತ್ತದೆ.

(೩) ಈಗ ಎರಡೇ ಕೋಣೆ ಕಟ್ಟುವುದಾದರೂ ಮೂರನೆಯದು ಯಾವ ಕಡೆಗೆ, ಮೆಟ್ಟಿಲು ಎಲ್ಲಿ, ನೀರಿನ ಕೊಳವೆ ಯಾವ ದಾರಿಯಿಂದ ಎಂಬುದನ್ನು ಮೊದಲೇ ನಿಶ್ಚಯಿಸಿರಿ. ಮುಂದಿನ ಕಂಬಕ್ಕೆಂದು ಹೊರಗೆ ಬಿಟ್ಟ ಕಬ್ಬಿಣದ ಸಲಾಕೆಗಳನ್ನು ಹಾಗೆಯೇ ಮಳೆಗೆ ಬಿಡಬಾರದು. ತೆಳು ಸಿಮೆಂಟಿನ ಗಾರೆಯಿಂದ ಮುಚ್ಚಿಸಿದರೆ ತುಕ್ಕು ತಗಲದು.

(೪) ಕೊಳವೆ, ತಂತಿಗಳು ಗೋಡೆಗಿಂತ ಬೇಗ ಹಾಳಾಗುತ್ತವೆ. ಅವುಗಳನ್ನು ಗೋಡೆಯೊಳಗೆ ಹೂಳದೆ ಕೈಗೆ ಸಿಕ್ಕುವಂತೆ ಇಡಿಸಿರಿ. ನಿಮ್ಮ ಊರಿನ ಕೆಲಸಗಾರನು ರಿಪೇರಿ ಮಾಡಲಾರದ ವಸ್ತುವನ್ನು ಅಂದಕ್ಕೆ ಮರುಳಾಗಿ ತರಬೇಡಿರಿ.

(೫) ನದೀತೀರದವರು ೨೦೨೦ರಲ್ಲಿ ನೀರು ಏರಿದ ಗೆರೆಯನ್ನು ನೆನಪಿನಲ್ಲಿಟ್ಟು ಅದಕ್ಕಿಂತ ಮೇಲೆ ನೆಲಗಟ್ಟು ಹಾಕಿಸಿರಿ. ಹಳೆಯ ಮಾಳಿಗೆಯ ಮನೆಯಲ್ಲಿರುವವರು ಮೇಲಿನ ಮಣ್ಣಿನ ಹೊರೆಯನ್ನು ತಗ್ಗಿಸಿ, ಗೋಡೆಗೆ ಎರಡೂ ಮೈ ತಾಗುವ ಕಲ್ಲುಗಳನ್ನು ಸೇರಿಸಿ, ಕಂಬ ತೊಲೆಗಳ ಸಂದಿಗೆ ಓರೆಯ ಆಸರೆಗಳನ್ನು ಬಿಗಿಸಿರಿ.

(೬) ಕಡೆಯದಾಗಿ, ನೆಲದ ಮೇಲೆ ಸುಣ್ಣದ ಗೆರೆ ಎಳೆಯುವ ಮೊದಲು ಮನೆಯ ಹೆಣ್ಣುಮಕ್ಕಳನ್ನು ಕೇಳಿರಿ. ಮನೆಯೊಳಗೆ ಹೆಚ್ಚು ಹೊತ್ತು ದುಡಿಯುವವರು ಅವರೇ. ಮನೆ ಕಟ್ಟಿಸುವಾಗ ಅಭಿಪ್ರಾಯ ಕೇಳಲ್ಪಡದವರೂ ಅವರೇ. ಓ‌ದುವ ಹುಡುಗಿಗೆ ಒಂದು ಮೂಲೆ, ಮುಪ್ಪಿನ ತಾಯಿಗೆ ಮೆಟ್ಟಿಲಿಲ್ಲದ ಒಂದು ಕೋಣೆ, ಕಷ್ಟದಲ್ಲಿ ತವರಿಗೆ ಬಂದ ಮಗಳಿಗೆ ಒಂದು ಅಂಕಣ, ಇವು ಇಂದು ಬೇಡವಾಗಿರಬಹುದು, ನಾಳೆ ಬೇಕಾಗಬಹುದು. ಬದಲಾಗಬಲ್ಲ ಮನೆಯಲ್ಲಿ ಇವರಿಗೆ ಸ್ಥಳ ದೊರೆಯುತ್ತದೆ. ಬದಲಾಗದ ಮನೆಯಲ್ಲಿ ಮೊದಲು ಸ್ಥಳ ಕಳೆದುಕೊಳ್ಳುವವರು ಇವರೇ.

ಅಜ್ಜಿಯ ಮನೆಯಿಂದ ಹೊರಡುವಾಗ ನಮ್ಮ ಹುಡುಗಿಯರು ಅವಳನ್ನು ಇನ್ನೊಂದು ಪ್ರಶ್ನೆ ಕೇಳಿದ್ದರು: “ಆಯಿ, ಹತ್ತನೇ ಅಂಕಣ ಯಾವಾಗ ಹಾಕ್ತೀರಿ?” ಆಕೆ ದನದ ಅಂಕಣದಲ್ಲಿ ಓದುತ್ತ ಕುಳಿತ ಮೊಮ್ಮಗಳ ಕಡೆಗೆ ನೋಡಿ, “ಅದು ಆಕಿ ಕೆಲಸ. ಜಾಗ ಬಿಟ್ಟೀನಿ,” ಎಂದಳು. ಹಿಂದಣ ಹಿತ್ತಿಲಲ್ಲಿ ನೋಡಿದರೆ ಹೊರಸಾಲಿನ ಕಂಬಗಳ ತಲೆಯಲ್ಲಿ ತೊಲೆ ಕೂರಿಸಲು ಕೊರೆದ ಕಚ್ಚುಗಳು ಹಾಗೆಯೇ ಕಾದಿದ್ದವು.

ನಮ್ಮ ಶಾಲೆಯಲ್ಲಿ ಇನ್ನು ಮುಂದೆ ಕೋಣೆಗಳನ್ನು ಕಟ್ಟಿಸುವಾಗಲೂ ಆ ಕಚ್ಚುಗಳನ್ನು ಮರೆಯದಿರಲು ನಿಶ್ಚಯಿಸಿದ್ದೇವೆ. ಮುಂದೆ ಬರುವ ವಿದ್ಯಾರ್ಥಿನಿಯರು ಏನನ್ನು ಕಲಿಯುವರೋ, ಎಷ್ಟು ಮಂದಿ ಇರುವರೋ ನಾವು ಹೇಳಲಾರೆವು. ಅವರು ಈ ಗೋಡೆಗಳನ್ನು ಸರಿಸಿದರೆ ನಮಗೆ ಅಸಮಾಧಾನವಿಲ್ಲ. ಹಳೆಯ ವಿದ್ಯಾರ್ಥಿನಿಯರೇ, ನೀವು ಮತ್ತೊಮ್ಮೆ ಬಂದು “ನಮ್ಮ ಕೋಣೆ ಎಲ್ಲಿ?” ಎಂದು ಕೇಳಿದಾಗ, ಕಂಬವನ್ನು ತೋರಿಸಿ “ಇದರ ಪಕ್ಕದಲ್ಲಿಯೇ ನೀವು ಕೂಡುತ್ತಿದ್ದಿರಿ” ಎಂದು ನಾವು ಹೇಳುವೆವು.